ವೈನಿಯ ತುಟಿಯ ಮೇಲಿನ ನಗು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಮನೆಯವರ ದೂರು. ಇರಲಿ. ಆ ಚಿತ್ರದ ವಿಷಯದಲ್ಲಿ ಬಂದ ಕೋಪ ಮಾತ್ರ ಇವತ್ತಿಗೂ ಇಳಿದಿಲ್ಲ.

ತೊಂಬತ್ತರ ದಶಕ, ನಾನಾಗ ಕಾಲೇಜು ಹುಡುಗಿ. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿದ್ದ ನಮ್ಮ ಮನೆಯ ಹತ್ತಿರ ಅಲ್ಲಿನವರೇ ಆದ ಸರ್ ಒಬ್ಬರು ಚಿತ್ರಕಲೆ ಕಲಿಸುತ್ತಿದ್ದರು. ಅವರ ಗೋಡೆಯ ಮೇಲೆ ಯುರೋಪಿನ ರೊಮ್ಯಾಂಟಿಕ್ ಕಾಲದ ಹೆಂಗಸೊಬ್ಬಳ ಚಿತ್ರದ ಅಚ್ಚುಪ್ರತಿ ಇತ್ತು. ಕಪ್ಪು ಉಡುಪು, ಬೆನ್ನ ಹಿಂದೆ ಮೋಡ, ಅಳು ನುಂಗಿಕೊಂಡ ಮುಖ. ತುಟಿಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ, ಬೇರೆಯವಳೇ ಆಗುತ್ತಾಳೆ ಎನ್ನುತ್ತಿದ್ದರು ಸರ್. ಅವಳ ಸ್ವಭಾವವೆಲ್ಲ ಅಲ್ಲಿದೆ, ಅದನ್ನು ಚೆಂದ ಮಾಡಲು ಹೋದರೆ ಚಿತ್ರ ಸತ್ತಂತೆ ಎಂದು ನಮ್ಮ ತಲೆಗೆ ತುಂಬಿದವರೂ ಅವರೇ.

ನಾನು ನಮ್ಮ ವೈನಿಯನ್ನು ಬರೆದೆ. ಅಣ್ಣನನ್ನು ಮದುವೆಯಾಗಿ ಬಾಗಲಕೋಟೆಯಿಂದ ಬಂದವರು. ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಇಲ್ಲಿ ಅಣ್ಣ ಕೆಲಸ ಬೇಡವೆಂದ. ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಬಳಿ ಕೂತಾಗ ಅವರ ಮುಖದ ನಗು ತಾನಾಗಿ ಇಳಿದುಹೋಗುತ್ತಿತ್ತು.

"ಇದ್ದಂಗ ಬರಿ," ಅಂದರು. "ಈ ಮನ್ಯಾಗ ಯಾರೂ ನನ್ನ ಮಾರಿ ಸರಿಯಾಗಿ ನೋಡಿಲ್ಲ."

ಹಾಗೇ ಬರೆದೆ. ಮುಗಿದಾಗ ನನ್ನ ಕೈ ಹಿಡಿದು, "ಇದು ನಾನ," ಅಂದರು. ನನಗೆ ಅಷ್ಟು ಸಾಕಾಗಿತ್ತು.

ಪ್ರದರ್ಶನಕ್ಕೆ ಮುಂಚೆ ಎಲ್ಲರ ಚಿತ್ರಗಳ ಮೇಲೂ ಸರ್ ಒಮ್ಮೆ ಕುಂಚ ಆಡಿಸುವುದು ಆ ಕ್ಲಾಸಿನ ರೂಢಿ. ಮಕ್ಕಳ ಅಪ್ಪ ಅಮ್ಮಂದಿರಿಗೆ ಖುಷಿಯಾಗಬೇಕಲ್ಲ. ನನ್ನದನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಆ ದಿನ ಹೋಗಿ ನೋಡಿದರೆ ವೈನಿ ಗೋಡೆಯ ಮೇಲೆ ನಗುತ್ತಿದ್ದಾರೆ! ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಜಗಳಕ್ಕೆ ನಿಂತೆ. ಸರ್ ತಲೆ ತಗ್ಗಿಸಿ, ನಿನ್ನ ವೈನಿಯೇ ಬಂದು ಕೇಳಿಕೊಂಡರು ಅಂದರು.

ಅಷ್ಟರಲ್ಲಿ ವೈನಿ ಊರಿಂದ ಬಂದ ತಮ್ಮ ತಂದೆಯ ಜೊತೆ ಒಳಗೆ ಬಂದರು. ನನ್ನ ಮುಖ ನೋಡಿದ್ದೇ ಪಕ್ಕಕ್ಕೆ ಕರೆದು, "ಅಪ್ಪಾರು ಬರ್ತಾರಂತ ಗೊತ್ತಾತು. ಅವರಿಗೆ ಆ ಮಾರಿ ಹೆಂಗ ತೋರಸ್ಲಿ?" ಅಂದರು.

"ಮತ್ತ ನನಗ್ಯಾಕ ತೋರಿಸಿದ್ರಿ?" ಅಂದೆ. ಅವರು ತಂದೆಯನ್ನು ಚಿತ್ರದ ಕಡೆ ಕರೆದೊಯ್ದರು.

ಅವರ ತಂದೆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. "ಇದನ್ನ ಊರಿಗೆ ಒಯ್ತೀನವಾ," ಅಂದರು ನನಗೆ. "ಮಗಳು ಹೆಂಗ ಅದಾಳೋ ಅಂತ ಇಕಿ ಅವ್ವ ಭಾಳ ಮನಸ್ಸಿಗೆ ಹಚ್ಚಿಕೊಂಡಾಳ. ನೋಡಿದ್ರ ಸಮಾಧಾನ ಆಗ್ತದ."

ಪ್ರದರ್ಶನ ಮುಗಿದ ಮೇಲೆ ಚಿತ್ರವನ್ನು ನಾನೇ ಗೋಡೆಯಿಂದ ಇಳಿಸಿದೆ. ಕಾಗದ ಸುತ್ತುವ ಮೊದಲು ಆ ನಗುವಿನ ಮೇಲೆ ಹೆಬ್ಬೆರಳಿಟ್ಟೆ. ಕಣ್ಣುಗಳು ನಾನು ಬರೆದವೇ, ಹಾಗೇ ಇದ್ದವು.

ವೈನಿ ಮೆಲ್ಲಗೆ ನನ್ನ ಕೈ ಸರಿಸಿದರು.