ಚಂದ್ರಕಲಕ್ಕನ ಟಾರ್ಚರ್ರು

ಅಕ್ಕಿಹೆಬ್ಬಾಳಿನ ಪಕ್ಕದ ಹಳ್ಳಿಯ ಡೈರಿಯಲ್ಲಿ ಹಾಲು ಅಳೆಯುವ ಚಂದ್ರಕಲಕ್ಕನಿಗೆ ಟಾರ್ಚರ್ ಕೊಡದ ವಸ್ತು ಈ ಲೋಕದಲ್ಲೇ ಇಲ್ಲ. ಬೆಳಿಗ್ಗೆ ಡೈರಿಯ ಶಟರ್ ಎತ್ತುವುದು ಟಾರ್ಚರ್ರು, ಕರೆಂಟು ಹೋದರೆ ಟಾರ್ಚರ್ರು, ಹೋದ ಕರೆಂಟು ಹಾಲೆಲ್ಲ ಅಳೆದು ಮುಗಿದ ಮೇಲೆ ಬಂದರೆ ಇನ್ನೂ ದೊಡ್ಡ ಟಾರ್ಚರ್ರು. ಕ್ಯಾನಿನ ತುಂಬ ನೊರೆ ತರುವ ನಿಂಗರಾಜುವನ್ನಂತೂ, “ಲೇ, ನಿಮ್ಮವ್ವ ನಿಂಗೆ ಟಾರ್ಚರ್ರು ಅಂತ್ಲೇ ಎಸ್ರಿಡ್ಬೇಕಿತ್ತು ಕಣ್ಲಾ” ಎಂದು ಬೈದೇ ಕ್ಯಾನು ಇಸಿದುಕೊಳ್ಳುತ್ತಾಳೆ. ಸೊಸೆ ಕಾಫಿಗೆ ಸಕ್ಕರೆ ಕಡಿಮೆ ಹಾಕಿದರೂ ಅದೇ ಮಾತು, ಹೆಚ್ಚು ಹಾಕಿದರೂ ಅದೇ. ಕೇಳಿ ಕೇಳಿ ಊರಿನ ಮುದುಕಿಯರೂ ಮಂಡಿನೋವನ್ನು ಟಾರ್ಚರ್ರು ಎನ್ನತೊಡಗಿದ್ದಾರೆ. ಹೋದ ತಿಂಗಳು ಅವಳ ಒಂದೇ ಒಂದು ಹಸುವಿಗೆ ಕೆಚ್ಚಲು ಬಾವು ಬಂತು. ಡಾಕ್ಟರು ಸೂಜಿ ಹಾಕಿ, ಔಷಧಿಯ ಅಂಶ ಹಾಲಿನಿಂದ ಹೋಗುವ ತನಕ ಡೈರಿಗೆ ಹಾಲು ಹಾಕಬೇಡಿ ಎಂದು ಹೇಳಿಹೋದರು. ಅಳೆಯುವವಳೂ ಅವಳೇ, ಪರೀಕ್ಷೆ ಮಾಡುವವಳೂ ಅವಳೇ, ಹಾಕಿದ್ದರೆ ಕೇಳುವವರಿರಲಿಲ್ಲ. ಆದರೂ ಎರಡು ಹೊತ್ತೂ ಕರೆದು, ಕರೆದದ್ದನ್ನೆಲ್ಲ ತಿಪ್ಪೆಗೆ ಸುರಿದಳು. ಐದನೆಯ ದಿನ ಬೆಳಿಗ್ಗೆ ನಿಂಗರಾಜು ನೋಡಲಾರದೆ, “ಎಲ್ರ ಆಲ್ ಜೊತೆ ಬೆರ್ತೋಯ್ತದೆ, ಆಕ್ಬುಡು ಕಲಕ್ಕ. ಯಾಕ್ ಬೇಕು ನಿಂಗೀ ಟಾರ್ಚರ್ರು?” ಎಂದ. “ಇದ್ಯಾಕ್ಲಾ ಟಾರ್ಚರ್ರು? ಕೂಸ್ಗೋಳು ಕುಡ್ಯೋ ಆಲು ಕಣ್ಲಾ” ಎಂದವಳೇ ಬಕೆಟ್ಟು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಡೈರಿಗೆ ನಡೆದಳು. ಶಟರಿಗೆ ಕೈ ಕೊಟ್ಟು, “ಥೂ, ಇದೊಂದು ಟಾರ್ಚರ್ರು!” ಎಂದು ಎತ್ತಿದಳು.