ದೊಡ್ಡಕ್ಕನ ಬಿಳಿ ಮಚ್ಚೆಯ ಬಳ್ಳಿ

ಬೀದಿಯ ತಿರುವಿನಲ್ಲಿದ್ದ ಆ ಕೂದಲು ಕತ್ತರಿಸುವ ಅಂಗಡಿಯನ್ನು ಅಕ್ಕತಂಗಿಯರಿಬ್ಬರು ನಡೆಸುತ್ತಿದ್ದರು. ಗಿರಾಕಿಗಳಿಗೆ ಹಿರಿಯವಳು ದೊಡ್ಡಕ್ಕ, ಕಿರಿಯವಳು ಚಿಕ್ಕಕ್ಕ. ದೊಡ್ಡಕ್ಕನದು ಬಾಯಿ, ಚಿಕ್ಕಕ್ಕನದು ಕೈ. ಒಬ್ಬಳು ಮಾತಿನಲ್ಲೇ ಗಿರಾಕಿಯನ್ನು ಕುರ್ಚಿಗೆ ತಂದು ಕೂರಿಸಿದರೆ, ಇನ್ನೊಬ್ಬಳು ತುಟಿಪಿಟಕ್ಕೆನ್ನದೆ ಬಣ್ಣ ಹಚ್ಚಿ ಮುಗಿಸುತ್ತಿದ್ದಳು. ಕಿಟಕಿಯಲ್ಲಿ ದೊಡ್ಡಕ್ಕನ ಮನಿ ಪ್ಲಾಂಟು, ಹಸಿರೆಲೆಗೆ ಸುಣ್ಣ ಎರಚಿದಂಥ ಮಚ್ಚೆಗಳು. "ಜನರ ತಲೇಲಿ ಬಿಳಿ ಕಂಡ್ರೆ ಮುಚ್ತೀವಿ, ಇದ್ರಲ್ಲಿ ಬಿಳಿ ಹೋದ್ರೆ ಅಳ್ತೀವಿ" ಎಂದು ದೊಡ್ಡಕ್ಕ ತಾನೇ ನಗುತ್ತಿದ್ದಳು.

ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದ ದೊಡ್ಡಕ್ಕ ಮತ್ತೆ ಏಳಲಿಲ್ಲ. ಚಿಕ್ಕಕ್ಕ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಲೋಟ ತೊಳೆದಳು, ಮರುವಾರ ಅಂಗಡಿ ತೆರೆದಳು. "ಎಂಥ ಕಲ್ಲೆದೆಯವಳಪ್ಪಾ!" ಎಂದು ನೆರೆಯವರು ಆಡಿಕೊಂಡದ್ದು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮರಗಟ್ಟಿರುತ್ತದಲ್ಲ, ಹಾಗಿತ್ತು ಅವಳಿಗೆ. ಕಿಟಕಿಯಿಂದ ಇಳಿಬಿದ್ದ ಬಳ್ಳಿ ಓಡಾಡಲು ಅಡ್ಡವೆಂದು ಅದರ ಕುಂಡವನ್ನು ಹಿಂದಿನ ಕತ್ತಲೆ ಕೋಣೆಗೆ ಸಾಗಿಸಿ, ನೆನಪಾದಾಗ ನೀರು ಸುರಿದಳು.

ಕೆಲವು ತಿಂಗಳ ಮೇಲೆ ದೊಡ್ಡಕ್ಕನ ಗಂಡ ಕೂದಲು ಕತ್ತರಿಸಿಕೊಳ್ಳಲು ಬಂದ. ಕೈ ತೊಳೆಯಲು ಹಿಂದೆ ಹೋದವನು ಅಲ್ಲೇ ನಿಂತುಬಿಟ್ಟ.

"ಇದೇನಮ್ಮಾ, ಹೊಸ ಎಲೆ ಎಲ್ಲಾ ಹಸಿರು? ಅವಳ ಬಿಳಿ ಎಲ್ಲಿ?"

"ಗೊತ್ತಿಲ್ಲ ಭಾವ."

ಬೆಳಕು ಸಾಲದೇನೋ ಎಂದುಕೊಂಡು ಅವಳು ಕುಂಡವನ್ನು ಹೊರಗಿನ ಮೆಟ್ಟಿಲ ಮೇಲೆ ಸುಡುಬಿಸಿಲಿಗಿಟ್ಟಳು. ಹಳೆಯ ಎಲೆಗಳಲ್ಲಿ ಉಳಿದಿದ್ದ ಬಿಳಿಯೂ ಬೆಂಕಿ ತಾಗಿದ ಕಾಗದದಂತೆ ಕಂದಿತು. ಕೊನೆಗೆ ಕುಂಡ ಎತ್ತಿಕೊಂಡು ನರ್ಸರಿಯವಳ ಬಳಿ ಹೋದಳು.

"ಬೆಳಕು ಬೇಕು, ನೇರ ಬಿಸಿಲು ಬೇಡ. ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಿ," ಎಂದಳು ನರ್ಸರಿಯವಳು. "ಪೂರ್ತಿ ಹಸಿರಾಗಿರೋ ಕುಡೀನ ಮಚ್ಚೆ ಎಲೆ ಸಿಗೋವರೆಗೂ ಕತ್ತರಿಸಿ. ಹಸಿರು ಕುಡಿಗೇ ಜೋರು ಜಾಸ್ತಿ, ಬಿಟ್ರೆ ಗಿಡಾನೆಲ್ಲಾ ನುಂಗುತ್ತೆ."

"ಚೆನ್ನಾಗಿ ಬೆಳೀತಿರೋದನ್ನೇ ಕತ್ತರಿಸೋದಾ?"

"ಅದನ್ನೇ."

ದಿನವಿಡೀ ಕತ್ತರಿಯಾಡಿಸುವ ಕೈ ಅಂದು ಬಳ್ಳಿಯ ಮುಂದೆ ತುಸು ತಡೆಯಿತು. ಆಮೇಲೆ ಕತ್ತರಿಸಿತು. ಕಸಕ್ಕೆ ಹಾಕಲು ಮನಸ್ಸೊಪ್ಪದೆ ಹಸಿರು ಕುಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಭಾವನ ಮನೆಗೆ ಒಯ್ದಳು. ಅವನು ಅವನ್ನು ನೀರಿನ ಲೋಟದಲ್ಲಿಟ್ಟ. "ಹಸಿರಾದ್ರೇನು, ಅವಳದೇ ತಾನೇ" ಎಂದವನು ಮೇಜಿಗೆ ತಲೆಯಾನಿಸಿ ಬಿಕ್ಕಿಬಿಕ್ಕಿ ಅತ್ತ. ಚಿಕ್ಕಕ್ಕ ಪಕ್ಕದಲ್ಲಿ ಕೈಕಟ್ಟಿ ಕುಳಿತಳು.

"ನಂಗೆ ಅಳು ಬರ್ತಿಲ್ಲ ಭಾವ. ಏನೂ ಆಗ್ತಾನೇ ಇಲ್ಲ."

"ಬರದಿದ್ರೆ ಬಿಡಮ್ಮ. ನಿಂಗೆ ಎಲ್ಲಾನೂ ತಡ ಅಂತ ಅವಳೇ ಹೇಳ್ತಿದ್ಲು."

ಕಿಟಕಿಯಿಂದ ಒಂದು ಮಾರು ಒಳಗೆ ಕುಂಡಕ್ಕೆ ಜಾಗವಾಯಿತು. ಬೋಳು ಬಳ್ಳಿಯಲ್ಲಿ ಮೊದಲು ಒಂದು ಹಸಿರೆಲೆ, ಅದರ ಹಿಂದೆ ಅಂಚಿನಲ್ಲಿ ಬಿಳಿ ಗೆರೆ ಇರುವ ಇನ್ನೊಂದು ಬಂತು. ಚಿಕ್ಕಕ್ಕ ಅದನ್ನು ಕಂಡಳು, ಬೆರಳಿನಿಂದ ಮಣ್ಣು ಮುಟ್ಟಿ ನೋಡಿದಳು, ಕೆಲಸಕ್ಕೆ ಮರಳಿದಳು.

ಹೊಸ ಗಿರಾಕಿಯೊಬ್ಬಳು ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಾ ಕೇಳಿದಳು: "ಚೆನ್ನಾಗಿದೆ, ಯಾರು ನೆಟ್ಟಿದ್ದು?"

"ನಮ್ಮಕ್ಕ," ಎಂದಳು ಚಿಕ್ಕಕ್ಕ, ಯಾರೋ ಗಂಟೆ ಕೇಳಿದಾಗ ಹೇಳುವ ದನಿಯಲ್ಲಿ. "ತಲೆ ಸ್ವಲ್ಪ ಬಗ್ಗಿಸಿ."