ಸ್ಯಾನಿಟೈಸರ್ ಬಾಟಲಿಯ ರಜೆ

ಸ್ಯಾನಿಟೈಸರ್ ಬಾಟಲಿಗೆ ಚೆಂಡು ಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅದೂ ಐಸಿಯು ಒಳಗೆ.

ಅವತ್ತು ಮಹಾನವಮಿ. ತಿಕೋಟಾದ ನಮ್ಮಕ್ಕ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಕರುಳಿನ ಆಪರೇಷನ್. ಅದೇನೋ ಚೆನ್ನಾಗಿಯೇ ಆಗಿತ್ತು. ಆದರೆ ಹಬ್ಬ ಇನ್ನೂ ನಾಲ್ಕು ದಿನ ಇರುವಾಗಲೇ ಜ್ವರ ಹಿಡಿಯಿತು. "ಇನ್‌ಫೆಕ್ಷನ್ ಆಗೇತ್ರಿ. ಇದೊಂದು ಗೆದ್ರ ಆತು ನೋಡ್ರಿ," ಎಂದಿದ್ದರು ಡಾಕ್ಟರು. (ಗೆಲ್ಲದಿದ್ದರೆ ಏನು ಎಂದು ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ.)

ಅಕ್ಕನ ಮಂಚದ ಕಾಲ ಬುಡದ ಸ್ಟ್ಯಾಂಡಿನಲ್ಲಿ ಆ ಬಾಟಲಿ ಇತ್ತು. ನಾನು ಐಸಿಯು ಒಳಗೆ ಹೋದದ್ದು ಅವತ್ತೇ ಮೊದಲು; ಕಂಡೊಡನೆ ಒತ್ತಲು ಕೈ ಚಾಚಿದೆ. ನರ್ಸ್ ರೇಣುಕಾ ತಡೆದಳು. ಬಬಲೇಶ್ವರದ ಹುಡುಗಿ, ಮಾತು ಮೃದು.

"ಸರ್, ಇವತ್ತ ಅದನ್ನ ಒತ್ತಬ್ಯಾಡ್ರಿ. ಖಂಡೇ ಪೂಜಿ ಮಾಡೇವಿ. ಸಿಂಕ್ ಅಲ್ಲೈತಿ, ಕೈ ತೊಳ್ಕೊಂಡು ಬರ್ರಿ."

ಖಂಡೇ ಪೂಜೆ ಎಂದರೆ ಆಯುಧಪೂಜೆ; ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತು. ಮಹಾನವಮಿಗೆ ಪೂಜೆಗೆ ಇಟ್ಟ ಸಾಮಾನನ್ನು ದಸರೆ ಮುಗಿಯುವವರೆಗೆ ಎತ್ತುವುದಿಲ್ಲ. ಕುಡಗೋಲು, ತಕ್ಕಡಿ, ಟ್ರ್ಯಾಕ್ಟರ್ ಎಲ್ಲಕ್ಕೂ ವಿಶ್ರಾಂತಿ. ಐಸಿಯುದಲ್ಲೂ ವೆಂಟಿಲೇಟರಿಗೆ ಕುಂಕುಮ, ಮಾನಿಟರಿಗೆ ವಿಭೂತಿ, ಸಲೈನ್ ಸ್ಟ್ಯಾಂಡಿಗೆ ಹೂವು. ಆದರೆ ಅವನ್ನು ನಿಲ್ಲಿಸಲು ಬರುತ್ತದೆಯೇ? ಅಷ್ಟೂ ಸಾಮಾನಿನಲ್ಲಿ ರಜೆ ಕೊಡಬಹುದಾಗಿದ್ದು ಒಂದಕ್ಕೇ. ಕೊಟ್ಟುಬಿಟ್ಟಿದ್ದರು.

ಹೊರಗೆ ಬಂದು ಮಾಮಾಗೆ (ಅಕ್ಕನ ಗಂಡ) ಹೇಳಿದೆ. ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ಕೆಲಸ ಅರ್ಧಕ್ಕೆ ಬಿಟ್ಟು ಆಸ್ಪತ್ರೆ ಬಾಗಿಲಲ್ಲಿ ಕೂತಿದ್ದ ಮನುಷ್ಯ. "ಅದರಾಗ ತಪ್ಪೇನೈತಿ? ನಮ್ಮ ಚಾಟ್ನಿ ಕತ್ತರಿನೂ ಇವತ್ತ ಯಾರೂ ಮುಟ್ಟಂಗಿಲ್ಲ," ಎಂದ.

ಕತ್ತರಿ ಎರಡು ದಿನ ಮಲಗಿದರೆ ಬಳ್ಳಿ ಕಾಯುತ್ತದೆ. ಜ್ವರ ಕಾಯುತ್ತದೆಯೇ?

ಸಿಂಕ್ ಇತ್ತಲ್ಲ ಎನ್ನುತ್ತೀರಿ. ಇತ್ತು, ಬಾಗಿಲ ಹತ್ತಿರ. ಅಕ್ಕ ಇದ್ದದ್ದು ಆ ಕೊನೆಯ ಮೂಲೆಯಲ್ಲಿ. ರೇಣುಕಾಳಿಗೆ ಇಬ್ಬರು ಪೇಷಂಟು. ಈ ಮಷೀನು ಕೂಗಿದರೆ ಇಲ್ಲಿ, ಆ ಮಷೀನು ಕೂಗಿದರೆ ಅಲ್ಲಿ. ನಡುವೆ ಬಾಗಿಲವರೆಗೆ ಹೋಗಿ ಬರಲು ಪುರುಸೊತ್ತೆಲ್ಲಿ? ಕೈಗೆ ಗ್ಲೌಸ್ ಇತ್ತು. ನಾನು ಒಳಗಿದ್ದಾಗಲೇ, ಪಕ್ಕದ ಮಂಚದ ಅಜ್ಜನ ಗಂಟಲಿನ ಕಫ ತೆಗೆದ ಅದೇ ಗ್ಲೌಸಿನಲ್ಲಿ ಬಂದು ಅಕ್ಕನ ಸಲೈನ್ ಸರಿಮಾಡಿದಳು. ಗ್ಲೌಸು ರೇಣುಕಾಳ ಕೈಯನ್ನು ಕಾಯುತ್ತಿತ್ತು. ಅಕ್ಕನನ್ನು ಕಾಯುವವರು ಯಾರು?

ಹೇಳಬೇಕೆಂದು ಬಾಯಿ ತೆರೆದೆ. ಮನೆಯ ಹಬ್ಬ ಬಿಟ್ಟು ಬೆಳಿಗ್ಗೆಯಿಂದ ನಿಂತೇ ಇದ್ದ ರೇಣುಕಾಳ ಮುಖ ನೋಡಿ ಮುಚ್ಚಿಕೊಂಡೆ. ಖಾನಾವಳಿಯಲ್ಲಿ ನೀರಿನ ಲೋಟದೊಳಗೆ ಬೆರಳು ಅದ್ದಿ ತಂದರೆ ನಾವು ಜಗಳಕ್ಕೇ ನಿಲ್ಲುತ್ತೇವೆ. ಐಸಿಯುದಲ್ಲಿ ಮಾತ್ರ ಕೈ ಮುಗಿದು ನಿಲ್ಲುತ್ತೇವೆ. ವಿಚಿತ್ರ ಅಲ್ಲವೇ?

ಮರುದಿನ ದಸರೆ. ಸಂಜೆ ಹಬ್ಬವೆಂದು ಇಬ್ಬರನ್ನೂ ಒಳಗೆ ಬಿಟ್ಟರು. ಮಾಮಾನ ಕರ್ಚೀಫಿನಲ್ಲಿ ಬನ್ನಿ ಎಲೆ. ಅದೇ ಹೊತ್ತಿಗೆ ಡಾಕ್ಟರು ರೌಂಡ್ಸಿಗೆ ಬಂದರು. ನಮ್ಮೂರಿನವರೇ, ಬನ್ನಿ ಬಿಡುತ್ತಾರೆಯೇ? ನರ್ಸುಗಳಿಗೆ ಕೊಟ್ಟರು, ತೆಗೆದುಕೊಂಡರು. ಪಕ್ಕದ ಅಜ್ಜನ ಅಂಗೈಯಲ್ಲಿ ಒಂದೆಲೆ ಇಟ್ಟು ಮುಷ್ಟಿ ಮುಚ್ಚಿದರು. ನಮ್ಮತ್ತ ಬಂದು, ವಯಸ್ಸಿನಲ್ಲಿ ಹಿರಿಯನೆಂದು ಮಾಮಾನ ಕಾಲು ಮುಟ್ಟಿದರು.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಕಾಕಾ."

ಮಾಮಾನ ಕಣ್ಣು ತುಂಬಿತು. ನನಗೂ ಒಳ್ಳೆಯದೆನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಅದೇ ಕೈ ಅಕ್ಕನ ಕುತ್ತಿಗೆಯತ್ತ ಹೋಯಿತು. ಔಷಧಿ ಒಳಗೆ ಹೋಗಲೆಂದು ಅಲ್ಲೊಂದು ನಳಿಗೆ ಹಾಕಿ ಪಟ್ಟಿ ಕಟ್ಟಿದ್ದರು.

"ಡಾಕ್ಟರ್, ಕೈ ತೊಳ್ಕೊಂಡು ಮುಟ್ರಿ," ಅಂದುಬಿಟ್ಟೆ.

ಮಾಮಾ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದ. "ಹಬ್ಬದ ದಿನ ಹಿಂಗ ಅಂತಾರೇನಲೇ? ಅವರು ಸಿಟ್ಟಾದ್ರ ನಾಳಿ ಈಕಿನ್ನ ಯಾರು ನೋಡ್ತಾರ?" ಒಣದ್ರಾಕ್ಷಿ ವ್ಯಾಪಾರಕ್ಕೆ ಬಂದ ದಲಾಲರನ್ನು ಒಂದೇ ಮಾತಿಗೆ ಕೂರಿಸುವ ಗಂಡಸು, ಪಿಸುಗುಟ್ಟುತ್ತಿದ್ದ.

ಡಾಕ್ಟರು ಸಿಟ್ಟಾಗಲಿಲ್ಲ. "ಖರೇ ಐತ್ರಿ ಸರ್," ಎಂದು ಬಾಟಲಿಯತ್ತ ತಿರುಗಿದರು.

"ಸರ್, ಅದು ಪೂಜಿದು..." ರೇಣುಕಾ ರಾಗ ಎಳೆದಳು.

"ಕಾಯಿ ಒಡದಾಂವ ನಾನ ಅಲ್ಲೇನವಾ? ನಾನ ಇಳಸ್ತೀನಿ ಬಿಡು." ಮಾಲೆ ತೆಗೆದರು. ಒತ್ತಿದರು. ಫುಸ್ ಎಂದಿತು. ಮತ್ತೆ ಒತ್ತಿದರು. ಮತ್ತೆ ಫುಸ್. ಸ್ಟ್ಯಾಂಡಿನಿಂದ ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಂದು ಹನಿಯೂ ಇಲ್ಲ. ಮೂತಿಯಲ್ಲಿ ಧೂಳು ಕೂತಿತ್ತು.

"ಇದು ಖಾಲಿಯಾಗಿ ಎಷ್ಟ ದಿನಾ ಆತು?" ಎಂದರು.

ರೇಣುಕಾ ಇನ್ನೊಬ್ಬ ನರ್ಸಿನ ಮುಖ ನೋಡಿದಳು. ಅವಳು ಮಾನಿಟರ್ ನೋಡಿದಳು. ಡಾಕ್ಟರು ಬಾಗಿಲವರೆಗೆ ನಡೆದು, ಸಿಂಕಿನಲ್ಲಿ ಬಹಳ ಹೊತ್ತು ಕೈ ಉಜ್ಜಿಕೊಂಡು ಬಂದರು.

ಅಕ್ಕ ಗೆದ್ದಳು. ಜ್ವರ ಇಳಿದು ವಾರ್ಡಿಗೆ ಬಂದಿದ್ದಾಳೆ. ನಿನ್ನೆ ಚಾಟ್ನಿ ಎಲ್ಲಿಗೆ ಬಂತೆಂದು ಮಾಮಾನನ್ನು ಬೈಯುವಷ್ಟು ದನಿಯೂ ಬಂದಿದೆ. ಮಾಮಾ ಮಾತ್ರ ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಆ ಜ್ವರ ಬಂದದ್ದು ಆ ಬಾಟಲಿಯಿಂದಲೇ ಎಂದು ನಾನು ಹೇಳಲಾರೆ. ಡಾಕ್ಟರೂ ಹೇಳಲಾರರು.

ಆದರೆ ಜ್ವರ ಬಂದದ್ದು ಹಬ್ಬಕ್ಕಿಂತ ಮೊದಲು. ನವಮಿ, ದಸರೆಯ ರಜೆಯನ್ನು ದೇವರ ಮೇಲೆ ಹಾಕೋಣ. ಅದಕ್ಕೂ ಮೊದಲು ಆ ಬಾಟಲಿಗೆ ಸಿಕ್ಕ ರಜೆ ಯಾವ ಹಬ್ಬದ್ದು?